ಮಕ್ಕಳ ಕತೆಯ ಪಾತ್ರ ಅರ್ಥ ಮಾಡ್ಕೊಳ್ಳೋದು ಹೇಗೆ? ಗುಣಗಳ ಲಿಸ್ಟ್ ಪಕ್ಕಕ್ಕಿಟ್ಟು ಶುರು ಮಾಡೋಣ

"ಮಕ್ಕಳ ಕತೆಯ ಪಾತ್ರಚಿತ್ರಣದ ಬಗ್ಗೆ ಬರೀರಿ ಅಂದಿದ್ದಾರೆ, ಏನ್ ಬರೀಬೇಕು?" ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರ್ತಾನೇ ಇರುತ್ತೆ. ಟೀಚರ್ ಟ್ರೈನಿಂಗಲ್ಲಿ ಇರೋರು ಕೇಳ್ತಾರೆ, ರಾತ್ರಿ ಮಗುಗೆ ಕತೆ ಓದೋ ಅಪ್ಪ ಅಮ್ಮ ಕೇಳ್ತಾರೆ, ಮಕ್ಕಳಿಗೆ ಕತೆ ಬರೆಯೋಕೆ ಹೊರಟೋರು "ನನ್ನ ಪಾತ್ರಕ್ಕೆ ಜೀವ ಇಲ್ಲ ಅಂತಾರೆ, ಯಾಕೆ" ಅಂತ ಬೇಜಾರಲ್ಲಿ ಕೇಳ್ತಾರೆ. ಒಬ್ಬೊಬ್ಬರಿಗೂ ಪ್ರತ್ಯೇಕ ಉತ್ತರ ಬರೆದು ಸಾಕಾಗಿದೆ, ಅದಕ್ಕೇ ಎಲ್ಲಾ ಒಂದೇ ಕಡೆ ಹಾಕ್ತಿದ್ದೀನಿ.

ನನ್ನ ಕೈಗೆ ಬರೋ ಬರಹಗಳು ಹೆಚ್ಚೂಕಮ್ಮಿ ಒಂದೇ ಥರ ಇರ್ತವೆ: "ಈ ಕತೆಯ ನಾಯಕಿ ಧೈರ್ಯವಂತೆ, ಬುದ್ಧಿವಂತೆ, ಕರುಣಾಮಯಿ." ತಪ್ಪು ಅಂತಲ್ಲ. ಆದ್ರೆ ಈ ಮೂರು ಪದಾನ ಇನ್ನೂ ನೂರು ಕತೆಗೆ ಅಂಟಿಸಿ ನೋಡಿ, ಎಲ್ಲದಕ್ಕೂ ಸಲೀಸಾಗಿ ಅಂಟ್ಕೊಳ್ಳುತ್ತೆ. ಹಾಗಿದ್ಮೇಲೆ ಈ ಕತೆಯ ಈ ಹುಡುಗಿ ಬಗ್ಗೆ ನಾವು ಹೇಳಿದ್ದೇನು? ಧೈರ್ಯ ಯಾರಿಗೆ ಬೇಕಾದ್ರೂ ಇರಬಹುದು, ಇವಳ ಧೈರ್ಯ ಇವಳಿಗೆ ಮಾತ್ರ ಹೇಗೆ ಒಪ್ಪುತ್ತೆ ಅನ್ನೋದನ್ನ ಕತೆಯೊಳಗೇ ಬೆರಳಿಟ್ಟು ತೋರಿಸ್ಬೇಕು, ಕೆಲಸ ಇರೋದು ಅಷ್ಟೇ.

ಮೊದಲು ಪದಗಳು

ಪಾತ್ರಚಿತ್ರಣ ಅಂದ್ರೆ ಕತೆ ಬರೆದವರು ಒಂದು ಪಾತ್ರಾನ ನಮ್ಮ ಕಣ್ಮುಂದೆ ಹೇಗೆ ನಿಲ್ಲಿಸ್ತಾರೆ ಅನ್ನೋದು. ಪಾತ್ರ ಹೇಗಿದೆ ಅನ್ನೋದಲ್ಲ, ಹೇಗೆ ತೋರಿಸಿದ್ದಾರೆ ಅನ್ನೋದು. ಈ ಎರಡನ್ನ ಕಲಸಿಬಿಡೋದೇ ಮೊದಲ ಎಡವಟ್ಟು. ಕೆಲವರು ಪಾತ್ರಪೋಷಣೆ ಅಂತಾನೂ ಕರೀತಾರೆ.

ವೈಯಕ್ತಿಕತೆ ಅಂದ್ರೆ ಆ ಪಾತ್ರ ಇನ್ನೊಬ್ಬರ ಕಾಪಿ ಆಗಿರದೆ ತಾನೇ ಆಗಿರೋದು. ಇದರ ಎದುರಿಗೆ ಇರೋದು ಟೈಪ್, ಅಂದ್ರೆ ಅಚ್ಚು ಹೊಡೆದ ಪಾತ್ರ: ಜಿಪುಣ, ಬಡಾಯಿಕೋರ, ಹೊಗಳುಭಟ್ಟ. ಇದು ಹಳೇ ವಿಷಯ. ಕ್ರಿ.ಪೂ. 4ನೇ ಶತಮಾನದಲ್ಲೇ ಗ್ರೀಕ್ ಚಿಂತಕ ಥಿಯೋಫ್ರಾಸ್ಟಸ್ ಇಂಥ 30 ನಮೂನೆ ಮನುಷ್ಯರನ್ನ ಒಬ್ಬೊಬ್ಬರಾಗಿ ಬರೆದಿಟ್ಟಿದ್ದ, ಓದಿದ್ರೆ ಈಗಲೂ ಅಕ್ಕಪಕ್ಕದೋರು ನೆನಪಾಗ್ತಾರೆ. ಟೈಪ್ ನೋಡಿದ್ರೆ "ಇಂಥೋರನ್ನ ನೋಡಿದ್ದೀನಿ" ಅನ್ನಿಸುತ್ತೆ, ವೈಯಕ್ತಿಕತೆ ಇರೋ ಪಾತ್ರ ನೋಡಿದ್ರೆ "ಇವಳನ್ನ ಎಲ್ಲೇ ಕಂಡ್ರೂ ಗುರುತು ಹಿಡೀತೀನಿ" ಅನ್ನಿಸುತ್ತೆ.

ಚಪ್ಪಟೆ ಪಾತ್ರ, ದುಂಡು ಪಾತ್ರ ಅನ್ನೋ ಮಾತೂ ಕಿವಿಗೆ ಬಿದ್ದಿರುತ್ತೆ. ಇದು 1927ರಲ್ಲಿ ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ಕಾದಂಬರಿ ಬಗ್ಗೆ ಕೊಟ್ಟ ಉಪನ್ಯಾಸಗಳಿಂದ ಬಂದಿದ್ದು. ಒಂದೇ ಗುಣದ ಸುತ್ತ ಕಟ್ಟಿದ್ರೆ ಚಪ್ಪಟೆ, ನಂಬೋ ಹಾಗೆ ನಮ್ಮನ್ನ ಅಚ್ಚರಿ ಪಡಿಸೋ ಶಕ್ತಿ ಇದ್ರೆ ದುಂಡು. "ನಂಬೋ ಹಾಗೆ" ಅನ್ನೋದು ಇಲ್ಲಿ ಮುಖ್ಯ, ಅದನ್ನ ಬಿಟ್ಟು ಬರೀ ಅಚ್ಚರಿ ಅಂತ ಓದ್ಕೊಂಡೋರು ಜಾಸ್ತಿ.

ಏನೇನು ಬೇಕು

ಕತೆ ಪೂರ್ತಿ ಬೇಕು, ಸಾರಾಂಶ ಸಾಲಲ್ಲ. ಸಾರಾಂಶದಲ್ಲಿ ಮೊದಲು ಉದುರಿಹೋಗೋದೇ ಪಾತ್ರದ ಸಣ್ಣ ಸಣ್ಣ ಚಾಳಿ. ಚಿತ್ರ ಇರೋ ಪುಸ್ತಕ ಆದ್ರೆ ಚಿತ್ರದ ಸಮೇತ ಬೇಕು. ಪೆನ್ಸಿಲ್, ಒಂದು ಹಾಳೆ, ಎರಡು ಸಲ ಓದೋ ತಾಳ್ಮೆ. ಸಾಧ್ಯ ಆದ್ರೆ, ಪ್ರಶ್ನೆ ಕೇಳೋಕೆ ಒಂದು ಮಗು.

ಉದಾಹರಣೆಗೆ ಅಂತ ನಾನೇ ಗೀಚಿದ ಒಂದು ತುಣುಕು ಇಲ್ಲಿದೆ, ಪಿಂಟಿ ಅನ್ನೋ ಇಲಿಮರಿಯ ಕತೆ. ಕೊನೇವರೆಗೂ ಇದನ್ನೇ ಇಟ್ಕೊಂಡು ಹೋಗ್ತೀನಿ, ಒಮ್ಮೆ ನಿಧಾನಕ್ಕೆ ಓದ್ಕೊಳ್ಳಿ.

"ಮಳೆ ನೀರು ಬಿಲದೊಳಗೆ ನುಗ್ಗಿತು. ಎಲ್ಲರೂ ಓಡಿ ಮರದ ಬುಡ ಸೇರಿದರು. 'ಸದ್ಯ, ಎಲ್ಲರೂ ಬಂದ್ವಿ' ಎಂದಳು ಅಮ್ಮ. ಪಿಂಟಿ ತನ್ನದೂ ಸೇರಿಸಿ ಬಾಲಗಳನ್ನು ಎಣಿಸಿದಳು. ಐದು. ಮತ್ತೆ ಎಣಿಸಿದಳು. ಐದೇ. 'ಬೆಳಿಗ್ಗೆ ಆರಿತ್ತು' ಎಂದಳು. ಮಳೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಅಣ್ಣ ಮಾತ್ರ 'ಶುರುವಾಯ್ತು ಇವಳ ಲೆಕ್ಕ' ಎಂದು ಮುಖ ತಿರುಗಿಸಿದ. ಪಿಂಟಿ ನೀರನ್ನು ನೋಡಿದಳು. ಒಂದು ಹೆಜ್ಜೆ ಹಿಂದೆ ಇಟ್ಟಳು. ಇನ್ನೊಮ್ಮೆ ಎಣಿಸಿದಳು. ಐದು. ಅವಳು ಬಿಲದ ಕಡೆ ತಿರುಗಿದಳು."

ಮುಂದೆ ಏನಾಗುತ್ತೆ ಅಂದ್ರೆ, ಪುಟ್ಟ ತಮ್ಮ ಒಂದು ದೊಡ್ಡ ಎಲೆ ಮೇಲೆ ತೇಲ್ಕೊಂಡು ನಿದ್ದೆ ಮಾಡ್ತಿರ್ತಾನೆ, ಪಿಂಟಿ ಎಳ್ಕೊಂಡು ಬರ್ತಾಳೆ. ರಾತ್ರಿ ಅಮ್ಮ "ಎಷ್ಟು ಜನ ಇದ್ದೀವಿ ಪಿಂಟಿ?" ಅಂತ ಕೇಳ್ತಾಳೆ. ಪಿಂಟಿ ತಮ್ಮನ ಬಾಲ ಕೈಯಲ್ಲಿ ಹಿಡ್ಕೊಂಡು ಮಲಗಿದ್ದಾಳೆ, ಉತ್ತರ ಕೊಡಲ್ಲ. ಅಷ್ಟೇ ಕತೆ.

ಹಂತ 1: ಸುಮ್ನೆ ಒಂದು ಸಲ ಓದಿ

ಪೆನ್ಸಿಲ್ ಮುಟ್ಟಬೇಡಿ. ಜೋರಾಗಿ ಓದಿದ್ರೆ ಇನ್ನೂ ಒಳ್ಳೇದು, ಮಕ್ಕಳ ಕತೆ ಕಿವಿಗೆ ಅಂತಾನೇ ಬರೆದಿರೋದು. ಮುಗಿದ ಮೇಲೆ ಪುಸ್ತಕ ಮುಚ್ಚಿ, ಆ ಪಾತ್ರದ ಯಾವ ಒಂದು ಕ್ಷಣ ಕಣ್ಣಲ್ಲಿ ಉಳಿದಿದೆ ಅಂತ ಒಂದೇ ಸಾಲು ಬರೀರಿ. ನಂಗೆ ಪಿಂಟಿ ಅಂದ್ರೆ ಹಿಂದೆ ಇಟ್ಟ ಆ ಒಂದು ಹೆಜ್ಜೆ.

ಹಂತ 2: ನಾಲ್ಕು ಕಾಲಂ ಹಾಕಿ

ಎರಡನೇ ಓದಿಗೆ ಹಾಳೇಲಿ ನಾಲ್ಕು ಕಾಲಂ ಮಾಡ್ಕೊಳ್ಳಿ. ಒಂದು, ಪಾತ್ರ ಮಾಡಿದ್ದು. ಎರಡು, ಪಾತ್ರ ಆಡಿದ ಮಾತು. ಮೂರು, ಬೇರೆಯವರು ಆ ಪಾತ್ರದ ಬಗ್ಗೆ ಅಂದಿದ್ದು. ನಾಲ್ಕು, ಕತೆ ಹೇಳೋರು ನೇರವಾಗಿ ಹೇಳಿದ್ದು, ಅಂದ್ರೆ "ಅವಳು ತುಂಬಾ ಜಾಣೆ" ಥರದ್ದು. ಈ ನಾಲ್ಕನೇದಕ್ಕೆ ನೇರ ಚಿತ್ರಣ ಅಂತಾರೆ, ಉಳಿದ ಮೂರಕ್ಕೆ ಪರೋಕ್ಷ ಚಿತ್ರಣ, ಅಂದ್ರೆ ಹೇಳದೇ ತೋರಿಸೋದು.

ಪಿಂಟಿ ತುಣುಕಿನಲ್ಲಿ ನಾಲ್ಕನೇ ಕಾಲಂ ಖಾಲಿ ಬರುತ್ತೆ ನೋಡಿ. ಹೆದರಿದಳು ಅಂತ ಎಲ್ಲೂ ಬರೆದಿಲ್ಲ, ಹೆಜ್ಜೆ ಹಿಂದೆ ಇಟ್ಟಳು ಅಂತ ಮಾತ್ರ ಇದೆ. ಯಾವ ಕಾಲಂ ತುಂಬಿದೆ, ಯಾವುದು ಖಾಲಿ ಅನ್ನೋದೇ ಆ ಲೇಖಕರ ಪಾತ್ರಚಿತ್ರಣದ ರೀತಿ, ನೀವು ಬರೆಯೋ ಉತ್ತರದಲ್ಲಿ ಅರ್ಧ ಇಲ್ಲೇ ಸಿಕ್ಕಿಹೋಗುತ್ತೆ.

ಎಚ್ಚರ: ಮೂರನೇ ಕಾಲಂನ ಕಣ್ಮುಚ್ಚಿ ನಂಬಬೇಡಿ. "ಶುರುವಾಯ್ತು ಇವಳ ಲೆಕ್ಕ" ಅನ್ನೋ ಅಣ್ಣನ ಮಾತಿಂದ ಪಿಂಟಿ ತಲೆನೋವು ಅಂತ ಬರೆದ್ರೆ ಕೆಟ್ಟಿರಿ. ಆ ಮಾತು ಪಿಂಟಿಗಿಂತ ಜಾಸ್ತಿ ಅಣ್ಣನ ಬಗ್ಗೆ ಹೇಳುತ್ತೆ, ಜೊತೆಗೆ ಅವಳು ಎಣಿಸೋದು ಇದೇ ಮೊದಲಲ್ಲ, ಮನೇಲಿ ಎಲ್ಲರಿಗೂ ಇದು ಮಾಮೂಲು ಅನ್ನೋ ಸುದ್ದೀನೂ ಅದರಲ್ಲೇ ಇದೆ. ಒಂದು ಸಾಲಲ್ಲಿ ಎರಡು ಕೆಲಸ.

ಹಂತ 3: ಏನು ಬೇಕು, ಏನು ತಡೀತಿದೆ

ಪ್ರತಿ ಮುಖ್ಯ ಪಾತ್ರಕ್ಕೂ ಈ ಎರಡು ಪ್ರಶ್ನೆ ಕೇಳಿ. ಉತ್ತರ ಆ ಸೀನಿಗೆ ಅಂಟ್ಕೊಂಡಿರಬೇಕು, "ಸಂತೋಷ ಬೇಕು", "ಪ್ರೀತಿ ಬೇಕು" ಅಂತ ಗಾಳೀಲಿ ತೇಲೋ ಉತ್ತರ ಬೇಡ. ಪಿಂಟಿಗೆ ಬೇಕಾಗಿರೋದು ಆರನೇ ಬಾಲ, ತಡೀತಿರೋದು ನೀರು. ಇಷ್ಟು ಸಣ್ಣದಾಗಿ ಹೇಳೋಕೆ ಬಂದ್ರೆ ಮುಂದಿನ ಹಂತಕ್ಕೆ ಹೋಗಬಹುದು.

ಹಂತ 4: ಬದಲಿ ಪರೀಕ್ಷೆ

ಬಾಕಿ ಎಲ್ಲಾ ಮರೆತ್ರೂ ಇದೊಂದು ಮಾಡಿ. ಕತೆಯ ಮುಖ್ಯ ಪಾತ್ರಾನ ಎತ್ತಿ ಪಕ್ಕಕ್ಕಿಟ್ಟು, ಆ ಜಾಗದಲ್ಲಿ ಬೇರೆ ಪಾತ್ರ ಕೂರಿಸಿ ನೋಡಿ. ಕತೆ ಏನೂ ಆಗದ ಹಾಗೆ ಓಡ್ತಾ ಹೋದ್ರೆ ಆ ಪಾತ್ರಕ್ಕೆ ವೈಯಕ್ತಿಕತೆ ಕಮ್ಮಿ ಅಂತ. ಎಲ್ಲಿ ಕತೆ ಮುಗ್ಗರಿಸಿ ನಿಂತುಬಿಡುತ್ತೋ, ಅಲ್ಲೇ ವೈಯಕ್ತಿಕತೆ ಕೂತಿರೋದು, ಆ ಸಾಲಿನ ಕೆಳಗೆ ಗೆರೆ ಎಳೀರಿ.

ಪಿಂಟಿ ಜಾಗಕ್ಕೆ ಒಬ್ಬ ಧೈರ್ಯಶಾಲಿ ಇಲಿಮರೀನ ತರೋಣ. ಅವನು ನೀರಿಗೆ ಧುಮುಕೋಕೆ ರೆಡಿ, ಭುಜ ಗಟ್ಟಿ, ಎದೆ ಗಟ್ಟಿ. ಆದ್ರೆ ಅವನು ಧುಮುಕೋದೇ ಇಲ್ಲ, ಯಾಕಂದ್ರೆ ಅಮ್ಮ ಎಲ್ಲರೂ ಬಂದ್ವಿ ಅಂದಿದ್ದಾಳೆ, ಒಬ್ಬ ಕಮ್ಮಿ ಅಂತ ಅವನಿಗೆ ಗೊತ್ತೇ ಆಗಲ್ಲ. ಕತೆ ಅಲ್ಲೇ ಮುಗೀತು, ತಮ್ಮ ಎಲೆ ಮೇಲೆ ತೇಲ್ಕೊಂಡು ಹೋದ. ಸರಿ, ಕರುಣೆ ಜಾಸ್ತಿ ಇರೋ ಮರೀನ ಕೂರಿಸಿ. ಅವಳು ಒದ್ದೆಯಾದ ಅಕ್ಕನ್ನ ಒರೆಸ್ತಾ ಕೂರ್ತಾಳೆ. ಬುದ್ಧಿವಂತ ಮರಿ ಬಂದ್ರೆ? ಅವನು ಬಹುಶಃ ಒಂದು ಸಲ ಎಣಿಸ್ತಾನೆ, ಕಮ್ಮಿ ಅಂತ ಅಮ್ಮನಿಗೆ ಹೇಳ್ತಾನೆ, ಜವಾಬ್ದಾರಿ ಅಮ್ಮನಿಗೆ ದಾಟಿಸಿ ನಿಲ್ತಾನೆ. ಮೂರು ಸಲ ಎಣಿಸಿ, ಉತ್ತರ ಹಾಗೇ ಬಂದಿದ್ದಕ್ಕೆ ಮೈಯೆಲ್ಲಾ ಕಸಿವಿಸಿಯಾಗಿ, ಹೆದರಿಕೆ ಇದ್ರೂ ತಿರುಗೋಳು ಪಿಂಟಿ ಒಬ್ಬಳೇ.

ಅಂದ್ರೆ ಅವಳು ವಾಪಸ್ ಹೋಗಿದ್ದು ಧೈರ್ಯದಿಂದ ಅಲ್ಲ, ಲೆಕ್ಕ ಕೂಡಿ ಬರದೇ ಇರೋದನ್ನ ಅವಳ ಕೈಲಿ ತಡ್ಕೊಳ್ಳೋಕೆ ಆಗ್ಲಿಲ್ಲ, ಅದಕ್ಕೆ. ಹೊರಗಿಂದ ನೋಡೋರಿಗೆ ಅದು ಧೈರ್ಯದ ಥರ ಕಾಣುತ್ತೆ. ಇಷ್ಟು ಹೇಳಿದ್ರೆ ಪಾತ್ರ ಹಿಡಿದ ಹಾಗೆ. "ಧೈರ್ಯವಂತೆ" ಅಂತ ಬರೆದು ಮುಂದೆ ಹೋಗಿದ್ರೆ ಇದಿಷ್ಟೂ ಕೈತಪ್ಪಿ ಹೋಗ್ತಿತ್ತು.

ಈ ಹಂತದಲ್ಲಿ ಜನ ಬೀಳೋ ಗುಂಡಿಗಳು ಎರಡು. ಮೊದಲನೇದು, ಗುರುತನ್ನೇ ವೈಯಕ್ತಿಕತೆ ಅಂದ್ಕೊಳ್ಳೋದು. ಕೆಂಪು ಟೋಪಿ, ದಪ್ಪ ಕನ್ನಡಕ, ಕುಂಟೋ ಕಾಲು, ತೊದಲೋ ಮಾತು, ಇವೆಲ್ಲ ಗುರುತುಗಳು, ಗುಂಪಲ್ಲಿ ಹುಡುಕೋಕೆ ಅನುಕೂಲ, ಅಷ್ಟೇ. ಟೋಪಿ ತೆಗೆದು ಬದಲಿ ಪರೀಕ್ಷೆ ಮಾಡಿ, ಕತೆಗೆ ಏನೂ ಆಗ್ಲಿಲ್ಲ ಅಂದ್ರೆ ಟೋಪಿ ಬರೀ ಟೋಪಿ.

ಎರಡನೇದು ಸ್ವಲ್ಪ ಸೂಕ್ಷ್ಮ. ತುಂಬಾ ಮಕ್ಕಳ ಕತೆಗಳ ದಾರಿ ಒಂದೇ: ಒಬ್ಬ ಎಲ್ಲರಿಗಿಂತ ಬೇರೆ ಥರ ಇರ್ತಾನೆ, ಎಲ್ಲಾ ಆಡ್ಕೋತಾರೆ, ಆಮೇಲೆ ಕಷ್ಟ ಬರುತ್ತೆ, ಅದೇ ಬೇರೆತನದಿಂದ ಎಲ್ಲರೂ ಉಳೀತಾರೆ, ಕೊನೇಲಿ ಹೆಗಲ ಮೇಲೆ ಹೊತ್ಕೊಂಡು ಮೆರೆಸ್ತಾರೆ. ಓದೋಕೆ ಚೆನ್ನಾಗೇ ಇರುತ್ತೆ. ಆದ್ರೆ ಒಂದು ಪ್ರಶ್ನೆ ಕೇಳಿ: ಆ ಬೇರೆತನದಿಂದ ಯಾರಿಗೂ ಏನೂ ಉಪಯೋಗ ಆಗದೇ ಇದ್ದಿದ್ರೆ ಅವನನ್ನ ಸೇರಿಸ್ಕೊಳ್ತಿದ್ರಾ? ಕತೆ ಇದಕ್ಕೆ ಉತ್ತರ ಕೊಡದೇ ಜಾರ್ಕೊಂಡ್ರೆ, ಅದು ವೈಯಕ್ತಿಕತೆಯ ಕತೆ ಅನ್ನೋದಕ್ಕಿಂತ ಉಪಯೋಗದ ಕತೆ ಅಂತ ಬರೀಬಹುದು. ನನ್ನ ಪಿಂಟಿ ಕತೆಗೂ ಈ ದೋಷ ಇದೆ, ಒಪ್ಕೋತೀನಿ. ಏನೂ ಉಪಯೋಗಕ್ಕೆ ಬಾರದ ದಿನ ಪಿಂಟಿ ಏನೇನು ಎಣಿಸ್ತಾಳೆ ಅಂತ ಒಂದು ಪುಟ ಇದ್ದಿದ್ರೆ ಕತೆ ಇನ್ನೂ ಗಟ್ಟಿ ಆಗ್ತಿತ್ತು.

ಹಂತ 5: ಹೆಸರು ಮುಚ್ಚಿ ಮಾತು ಓದಿ

ಸಂಭಾಷಣೆ ಜಾಸ್ತಿ ಇರೋ ಕತೆಗೆ ಮಾತ್ರ ಇದು. ಯಾರು ಅಂದರು ಅನ್ನೋದನ್ನ ಬೆರಳಲ್ಲಿ ಮುಚ್ಚಿ ಬರೀ ಡೈಲಾಗ್ ಓದಿ. "ಬೆಳಿಗ್ಗೆ ಆರಿತ್ತು" ಅನ್ನೋದು ಪಿಂಟಿ ಅಂತ ತಕ್ಷಣ ಗೊತ್ತಾಗುತ್ತೆ, "ಅಯ್ಯೋ ತಮ್ಮ ಎಲ್ಲಿ!" ಅಂದಿದ್ರೆ ಅದು ಯಾರ ಮಾತು ಬೇಕಾದ್ರೂ ಆಗಬಹುದಿತ್ತು. ಎಲ್ಲಾ ಪಾತ್ರಗಳೂ ಒಂದೇ ಧಾಟೀಲಿ, ಅದರಲ್ಲೂ ಮಕ್ಕಳು ದೊಡ್ಡವರ ಉಪದೇಶದ ಧಾಟೀಲಿ ಮಾತಾಡ್ತಿದ್ರೆ ಅಲ್ಲಿ ಮಾತಾಡ್ತಿರೋದು ಪಾತ್ರ ಅಲ್ಲ, ಲೇಖಕರು.

ಹಂತ 6: ಚಿತ್ರ ಬಿಟ್ಟುಬಿಡಬೇಡಿ

ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟ ಇರುತ್ತೆ, ದೊಡ್ಡ ಹಾಳೇಲಿ ಅಚ್ಚು ಹಾಕಿ ಮಡಚೋವಾಗ ಪುಟಗಳು 8, 16ರ ಲೆಕ್ಕದಲ್ಲಿ ಬರ್ತವೆ, ಅದಕ್ಕೆ ಈ ಸಂಖ್ಯೆ. ಅಷ್ಟು ಕಮ್ಮಿ ಜಾಗದಲ್ಲಿ ಪಾತ್ರ ಹೇಗಿದೆ ಅಂತ ಪದಗಳಲ್ಲಿ ವಿವರಿಸೋಕೆ ಆಗಲ್ಲ, ಆ ಕೆಲಸ ಚಿತ್ರ ಮಾಡುತ್ತೆ. ಪಾತ್ರ ಪುಟದ ಎಲ್ಲಿ ನಿಂತಿದೆ, ಎಷ್ಟು ದೊಡ್ಡದಾಗಿ ಬಿಡಿಸಿದ್ದಾರೆ, ಯಾರ ಕಡೆ ನೋಡ್ತಿದೆ, ಗುಂಪಿಂದ ಎಷ್ಟು ದೂರ ಇದೆ, ಇದನ್ನೆಲ್ಲಾ ಹಾಳೆಯ ಅಂಚಲ್ಲಿ ಬರ್ಕೊಳ್ಳಿ. ಮುಖ್ಯವಾಗಿ ಪದ ಒಂದು ಹೇಳಿ ಚಿತ್ರ ಇನ್ನೊಂದು ತೋರಿಸೋ ಜಾಗ. "ನಂಗೇನೂ ಭಯ ಇಲ್ಲ" ಅಂತ ಪಾತ್ರ ಹೇಳ್ತಿದೆ, ಚಿತ್ರದಲ್ಲಿ ಅಮ್ಮನ ಬಾಲ ಗಟ್ಟಿಯಾಗಿ ಹಿಡ್ಕೊಂಡಿದೆ, ಇಂಥದ್ದು ಸಿಕ್ಕಿದ್ರೆ ಬಿಡಲೇಬೇಡಿ. ದೊಡ್ಡವರು ಅಕ್ಷರದ ಮೇಲೆ ಕಣ್ಣಿಟ್ಟು ಇದನ್ನ ತಪ್ಪಿಸ್ಕೋತಾರೆ, ಇನ್ನೂ ಓದೋಕೆ ಬಾರದ ಮಗು ಇದನ್ನೇ ಮೊದಲು ನೋಡಿರುತ್ತೆ.

ಹಂತ 7: ಬದಲಾಯ್ತಾ?

ಪಾತ್ರ ಮೊದಲಿದ್ದ ಹಾಗೇ ಇದೆಯಾ ಬದಲಾಯ್ತಾ ಅಂತ ನೋಡಿ. ಆದ್ರೆ ಬದಲಾಗಲೇಬೇಕು ಅಂತ ರೂಲ್ ಏನಿಲ್ಲ. ನೀತಿಕತೆಯ ನರಿ ಚಪ್ಪಟೆ ಆಗೇ ಇರಬೇಕು, ಅರ್ಧ ಪುಟದ ಕತೇಲಿ ಅದಕ್ಕೆ ಬಾಲ್ಯದ ನೋವು ಗೀವು ಕೊಟ್ಟು ದುಂಡು ಮಾಡೋಕೆ ಹೋದ್ರೆ ಕತೆಯ ಚುರುಕೇ ಹೋಗುತ್ತೆ. ಚಪ್ಪಟೆ ಅನ್ನೋದು ಬೈಗುಳ ಅಲ್ಲ, ಅದೊಂದು ಸಾಧನ. ಪಿಂಟಿ ಕತೇಲಿ ಅಣ್ಣ ಚಪ್ಪಟೆ, ಅವನಿಂದ ಕತೆಗೆ ಬೇಕಾಗಿರೋದೂ ಆ ಒಂದು ತಿರಸ್ಕಾರದ ಸಾಲು ಮಾತ್ರ.

ಬದಲಾವಣೆ ಇದ್ರೆ ಅದಕ್ಕೆ ಕಾರಣ ಕತೆಯೊಳಗೆ ಇದೆಯಾ ನೋಡಿ. ಹದಿನೈದು ಪುಟ ತುಂಟಾಟ ಮಾಡಿದೋನು ಕೊನೇ ಪುಟದಲ್ಲಿ ಅಜ್ಜನ ಒಂದು ಮಾತಿಗೆ ಸಡನ್ನಾಗಿ ಒಳ್ಳೇ ಹುಡುಗ ಆಗಿಬಿಟ್ರೆ ಅದು ಪಾತ್ರದ ಬೆಳವಣಿಗೆ ಅಂತ ಬರೀಬೇಡಿ, ಅದು ಲೇಖಕರ ಅವಸರ.

ಹಂತ 8: ಓದೋ ಮಗುವಿನ ವಯಸ್ಸು

1983ರಲ್ಲಿ ಹೈನ್ಸ್ ವಿಮ್ಮರ್, ಯೋಸೆಫ್ ಪರ್ನರ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಮಕ್ಕಳಿಗೆ ಒಂದು ಪುಟ್ಟ ಕತೆ ಹೇಳಿ ಪರೀಕ್ಷೆ ಮಾಡಿದ್ರು. ಒಬ್ಬ ಹುಡುಗ ಚಾಕೊಲೇಟ್‌ನ ಒಂದು ಕಪಾಟಲ್ಲಿ ಇಟ್ಟು ಆಡೋಕೆ ಹೋಗ್ತಾನೆ, ಅವನಿಲ್ಲದಾಗ ಅಮ್ಮ ಅದನ್ನ ಇನ್ನೊಂದು ಕಪಾಟಿಗೆ ಹಾಕ್ತಾಳೆ. ವಾಪಸ್ ಬಂದೋನು ಎಲ್ಲಿ ಹುಡುಕ್ತಾನೆ? ಮೂರು ವರ್ಷದ ಆಸುಪಾಸಿನ ಮಕ್ಕಳು ಚಾಕೊಲೇಟ್ ಈಗ ನಿಜವಾಗಿ ಇರೋ ಕಪಾಟನ್ನೇ ತೋರಿಸಿದ್ರು. ನಂಗೆ ಗೊತ್ತಿರೋದು ಅವನಿಗೆ ಗೊತ್ತಿಲ್ಲ ಅನ್ನೋದು ಮಕ್ಕಳಿಗೆ ಬಗೆಹರಿಯೋದು ಸಾಮಾನ್ಯವಾಗಿ ನಾಲ್ಕೈದು ವರ್ಷದ ಹೊತ್ತಿಗೆ.

ನಮಗೆ ಇದರಿಂದ ಏನು ಅಂತೀರಾ? ಪಿಂಟಿ ಕತೇಲಿ ತಮ್ಮ ಎಲೆ ಮೇಲೆ ಮಲಗಿರೋ ಚಿತ್ರಾನ ಮೊದಲೇ ತೋರಿಸಿದ್ರೆ, ಮೂರು ವರ್ಷದ ಮಗುಗೆ ಅಮ್ಮ ಯಾಕೆ ಎಲ್ಲರೂ ಬಂದ್ವಿ ಅಂದಳು ಅನ್ನೋದು ಅರ್ಥ ಆಗದೇ ಹೋಗಬಹುದು, ಅಮ್ಮ ಸುಳ್ಳು ಹೇಳ್ತಿದ್ದಾಳೆ ಅಂತಾನೂ ಅಂದ್ಕೋಬಹುದು. ಅದೇ ಆರು ವರ್ಷದ ಮಗು "ಅಮ್ಮಂಗೆ ಗೊತ್ತಿಲ್ಲ!" ಅಂತ ಕೂಗುತ್ತೆ. ಹಾಗಾಗಿ ಪಾತ್ರದ ಒಳಮನಸ್ಸಿನ ಬಗ್ಗೆ ಏನಾದ್ರೂ ಬರೆಯೋಕೆ ಮುಂಚೆ ಈ ಕತೆ ಯಾವ ವಯಸ್ಸಿನೋರಿಗೆ ಅಂತ ನೋಡ್ಕೊಳ್ಳಿ. ಪುಟಾಣಿಗಳ ಕತೇಲಿ ಪಾತ್ರದ ಮನಸ್ಸು ಕೈಕಾಲಲ್ಲಿ ಕಾಣಬೇಕು, ಅದನ್ನ ಆಳ ಇಲ್ಲ ಅಂತ ತಳ್ಳಿಹಾಕೋದು ತಪ್ಪು.

ಮಗು ಜೊತೇಲಿದ್ರೆ "ಪಿಂಟಿ ಒಳ್ಳೆಯವಳಾ?" ಅಂತ ಕೇಳಬೇಡಿ, ಹೌದು ಅಂತ ಹೇಳಿ ಓಡುತ್ತೆ. "ಕೊನೇಲಿ ಪಿಂಟಿ ಯಾಕೆ ಎಣಿಸಲಿಲ್ಲ?" ಅನ್ನೋ ಥರದ್ದು ಕೇಳಿ. ನಾನು ಅವಳು ಸುಸ್ತಾಗಿ ನಿದ್ದೆ ಹೋದಳು, ಎಣಿಸೋ ಹಟ ಕಮ್ಮಿ ಆಯ್ತು, ಅದೇ ಬದಲಾವಣೆ ಅಂದ್ಕೊಂಡಿದ್ದೆ. ಕತೆ ಕೇಳಿದ ಒಬ್ಬ ಹುಡುಗಿ "ಬಾಲ ಕೈಯಲ್ಲೇ ಇದೆಯಲ್ಲ, ಇನ್ಯಾಕೆ ಎಣಿಸ್ಬೇಕು" ಅಂದಳು. ಅಂದ್ರೆ ಪಿಂಟಿ ಒಂಚೂರೂ ಬದಲಾಗಿಲ್ಲ, ಲೆಕ್ಕ ಮುಗಿದಿದೆ ಅಷ್ಟೇ. ಇಂಥ ಉತ್ತರ ಸಿಕ್ಕಾಗ ತಿದ್ದೋಕೆ ಹೋಗದೆ ಅದೇ ಮಾತಲ್ಲಿ ಬರೆದಿಟ್ಕೊಳ್ಳಿ.

ಹಂತ 9: ಈಗ ಬರೆಯೋದು

ಪ್ರತಿ ಪ್ಯಾರಾಗೂ ಮೂರು ಸಂಗತಿ ಸಾಕು: ನೀವು ಹೇಳೋ ಮಾತು, ಅದಕ್ಕೆ ಕತೆಯಿಂದ ಒಂದು ಜಾಗ, ಆ ಜಾಗದಿಂದ ಈ ಮಾತು ಹೇಗೆ ಹೊರಡುತ್ತೆ ಅನ್ನೋದು. ಹೀಗೆ:

"ಪಿಂಟಿ ನೀರಿಗೆ ಹೆದರುವವಳು. ಲೇಖಕರು ಇದನ್ನು ಹೇಳುವುದಿಲ್ಲ, ಅವಳು ಹಿಂದಿಟ್ಟ ಒಂದು ಹೆಜ್ಜೆಯಲ್ಲಿ ತೋರಿಸುತ್ತಾರೆ. ಆ ಹೆಜ್ಜೆಗೂ ಬಿಲದ ಕಡೆ ತಿರುಗುವುದಕ್ಕೂ ನಡುವೆ ಇರುವುದು ಮೂರನೇ ಸಲದ ಎಣಿಕೆ ಮಾತ್ರ. ಅವಳನ್ನು ನೀರಿನ ಕಡೆ ತಳ್ಳುವುದು ಆ ಸಂಖ್ಯೆ."

ಇಷ್ಟೇ. ಗುಣವಾಚಕ, ಅಂದ್ರೆ ಒಳ್ಳೆಯ, ಜಾಣ, ಧೀರ ಥರದ ಪದಗಳು ಒಂದೂ ಬಂದಿಲ್ಲ ನೋಡಿ.

ಕತೇನ ಮತ್ತೆ ಹೇಳ್ತಾ ಹೋಗಬೇಡಿ, ಮೊದಲ ಪ್ಯಾರಾದಲ್ಲಿ ಮೂರು ಸಾಲು ಸಾರಾಂಶ ಕೊಟ್ಟು ನಿಲ್ಲಿಸಿ. "ಈ ಪಾತ್ರದಿಂದ ನಾವು ಕಲಿಯಬೇಕಾದ ನೀತಿ" ಅಂತ ಕೊನೇ ಪ್ಯಾರಾ ಹಾಕೋ ಅಭ್ಯಾಸ ಇದ್ರೆ ಬಿಡಿ, ನೀತಿ ಬೇರೆ ಪ್ರಶ್ನೆ, ಅದಕ್ಕೆ ಬೇರೆ ಉತ್ತರ. ಪ್ರಶ್ನೆಯಲ್ಲೇ "ಗುಣಗಳನ್ನು ಪಟ್ಟಿ ಮಾಡಿ" ಅಂತ ಕೇಳಿದ್ರೆ ಮಾತ್ರ ಬೇರೆ ದಾರಿ ಇಲ್ಲ, ಪಟ್ಟಿ ಮಾಡಿ, ಆದ್ರೆ ಪ್ರತಿ ಗುಣದ ಪಕ್ಕ ಯಾವ ಸೀನು ಅಂತ ಅರ್ಧ ಸಾಲು ಸೇರಿಸಿ.

ಕತೆ ಬರೆಯೋರಿಗೆ ಒಂದು ಮಾತು. ಇದೇ ಹಂತಗಳನ್ನ ನಿಮ್ಮ ಡ್ರಾಫ್ಟ್ ಮೇಲೆ ಓಡಿಸಬಹುದು, ನಾಲ್ಕನೇದರಿಂದಲೇ ಶುರು ಮಾಡಿ. ಮುಖ್ಯ ಪಾತ್ರ ತೆಗೆದು ಅವನ ಫ್ರೆಂಡ್‌ನ ಕೂರಿಸಿದ್ರೂ ಕತೆ ಓಡ್ತಿದ್ರೆ ವಿಶೇಷಣ ಸೇರಿಸೋಕೆ ಹೋಗಬೇಡಿ, ಅವನಿಗೆ ಒಂದು ಚಾಳಿ ಕೊಡಿ, ಆ ಚಾಳಿ ಕತೆಯ ಮೊದಲ ಪುಟದಲ್ಲಿ ಯಾರಿಗೋ ಕಿರಿಕಿರಿ ಮಾಡ್ಲಿ.